ಗೋದಲಿಯ ಪಕ್ಕದ ಮರ

ಕೇಳುಗರಿಗೆ ನಮಸ್ಕಾರ.

ಹುತ್ತರಿ ಮುಗಿದು ಕಾಫಿ ಕೊಯ್ಲಿನ ಗಡಿಬಿಡಿ ಏರುವ ಹೊತ್ತಿಗೆ ಕೊಡಗಿನ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ಒಳಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕರಿಯಲು ಎಣ್ಣೆ ಕಾಯುತ್ತಿರುತ್ತದೆ. ಮರ ನಿಲ್ಲಿಸುವಾಗ ಮಾತ್ರ, 'ಅಸಲಿ ಕ್ರಿಸ್‌ಮಸ್ ಮರ ನಮ್ಮಲ್ಲೆಲ್ಲಿ ಸಿಗುತ್ತದೆ' ಎಂದು ಕೊರಗುವವರಿದ್ದಾರೆ. ಆ ಕೊರಗು ಬೇಡವೆಂದು ಹೇಳುವುದಕ್ಕಾಗಿಯೇ ಇಂದು ಈ ಮರದ ಕಥೆ ಎತ್ತಿಕೊಂಡಿದ್ದೇನೆ.

ಬೈಬಲಿನಲ್ಲಿ ಯೇಸುವಿನ ಜನನದ ಪ್ರಸಂಗದಲ್ಲಿ ಇಂಥ ಮರವೇ ಇಲ್ಲ. ಮಧ್ಯಯುಗದ ಜರ್ಮನ್ ನಾಡುಗಳಲ್ಲಿ ಡಿಸೆಂಬರ್ 24 ಆದಾಮ ಮತ್ತು ಏವಳ ದಿನವಾಗಿತ್ತು. ಅವರ ಕಥೆಯನ್ನು ನಾಟಕವಾಡಲು ಹಣ್ಣು ಬಿಟ್ಟ ಮರವೊಂದು ಬೇಕು. ಆ ಚಳಿಯಲ್ಲಿ ಸೇಬಿನ ಮರ ಬೋಳು. ಹಾಗಾಗಿ ಎಲೆ ಉದುರದ ಫರ್ ಮರವನ್ನು ತಂದು ಅದಕ್ಕೆ ಸೇಬು ಕಟ್ಟಿದರು. ಕೈಗೆ ಸಿಕ್ಕಿದ ಹಸಿರನ್ನು ಬಳಸಿಕೊಂಡರು, ಅಷ್ಟೇ.

ಈಗ ಫ್ರಾನ್ಸಿನಲ್ಲಿರುವ ಆಲ್ಸೇಸ್ ಪ್ರಾಂತ್ಯದ ಸೆಲೆಸ್ಟಾ ಪಟ್ಟಣದ 1521ರ ಲೆಕ್ಕಪತ್ರದಲ್ಲಿ, ಕ್ರಿಸ್‌ಮಸ್ ಮರಗಳನ್ನು ಕಾಯಲು ಅರಣ್ಯ ಕಾವಲುಗಾರರಿಗೆ ನಾಲ್ಕು ಶಿಲ್ಲಿಂಗ್ ಕೊಟ್ಟ ದಾಖಲೆಯಿದೆ. ಕಾವಲು ಹಾಕಬೇಕಾಯಿತೆಂದರೆ ಜನರಿಗೆ ಆ ಮರದ ಮೇಲೆ ಅದೆಷ್ಟು ಆಸೆ ಇದ್ದಿರಬೇಕು! 1605ರ ಹೊತ್ತಿಗೆ ಸ್ಟ್ರಾಸ್‌ಬರ್ಗಿನ ಮನೆಗಳಲ್ಲಿ ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆ ತಿನಿಸುಗಳನ್ನು ಮರಕ್ಕೆ ತೂಗುಹಾಕುತ್ತಿದ್ದರು. ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಮೊದಲು ಮೇಣದಬತ್ತಿ ಹಚ್ಚಿದನೆಂಬ ಕಥೆ ಸೊಗಸಾಗಿದೆ, ಆದರೆ ಅವನ ಕಾಲದ ಆಧಾರ ಅದಕ್ಕಿಲ್ಲ.

ಈ ರೂಢಿ ಬಹುಕಾಲ ಪ್ರಾಟೆಸ್ಟಂಟರದಾಗಿಯೇ ಉಳಿಯಿತು. ಕಥೋಲಿಕರ ಮನೆಗೆ ಗೋದಲಿಯೇ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವೇ, ಮುಖ್ಯ. ಅದರ ಪರಂಪರೆ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸರು ಏರ್ಪಡಿಸಿದ ಗೋದಲಿಯನ್ನು ನೆನೆಯುತ್ತದೆ. ವ್ಯಾಟಿಕನ್ನಿನ ಚೌಕದಲ್ಲಿ ಮರ ನಿಂತದ್ದು 1982ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟಾಗ, ಅವರ ಹಬ್ಬದಲ್ಲಿ ಈ ಮರ ಇದ್ದಿರಲಾರದು. ಇಂಗ್ಲೆಂಡಿನಲ್ಲಿಯೂ ಅದು ಮನೆಮಾತಾದದ್ದು 1848ರ ಬಳಿಕ, ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟರ ಕುಟುಂಬ ಮರದ ಸುತ್ತ ನಿಂತಿರುವ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಕೊಡಗು ಬ್ರಿಟಿಷರ ಕೈ ಸೇರಿದ್ದು ಅದಕ್ಕೂ ಮೊದಲು, 1834ರಲ್ಲಿ. ಅಂದರೆ ಕೊಡಗಿಗೆ ಕ್ರಿಸ್‌ಮಸ್ ಮೊದಲು ಬಂತು, ಮರ ಬಂದದ್ದು ಆಮೇಲೆಯೇ ಇರಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಕೆಲವರು ಗಾಳಿಮರದ ರೆಂಬೆ ತರುತ್ತಾರೆ, ಕೆಲವರು ಪೇಟೆಯ ಪ್ಲಾಸ್ಟಿಕ್ ಮರ ಬಿಚ್ಚಿ ಜೋಡಿಸುತ್ತಾರೆ. ನನ್ನ ಮನಸ್ಸು ಒಲಿದಿರುವುದು ಕುಂಡದಲ್ಲಿ ಬೆಳೆಯುವ ಅರಕೇರಿಯಾಕ್ಕೆ. ಅದರ ತವರು ದಕ್ಷಿಣ ಪೆಸಿಫಿಕ್ಕಿನ ನಾರ್ಫೋಕ್ ದ್ವೀಪ. ಫರ್ ಮರಕ್ಕೆ ಬೇಕಾದ ಕೊರೆಯುವ ಚಳಿ ಇದಕ್ಕೆ ಬೇಡ. ಹತ್ತಿರ ನಿಂತು ನೋಡಿ: ಕಾಂಡದ ಒಂದೇ ಮಟ್ಟದಿಂದ ಸುತ್ತಲೂ ಐದಾರು ರೆಂಬೆಗಳು ಹೊರಡುತ್ತವೆ, ನಡುವೆ ಗೇಣುದ್ದ ಖಾಲಿ ಜಾಗ, ಮತ್ತೆ ಇನ್ನೊಂದು ಸುತ್ತು. ಆ ಖಾಲಿ ಜಾಗದಲ್ಲಿ ತೂಗುಹಾಕಿದ್ದೆಲ್ಲ ಎಲೆಗೆ ತಾಗದೆ ಆಡುತ್ತದೆ. ರೆಂಬೆ ಮೆದು, ಭಾರ ತಾಳದು. ಕಾಗದದ ಹೂವು, ಪುಟ್ಟ ನಕ್ಷತ್ರ ಸಾಕು.

ಒಂದು ಎಚ್ಚರಿಕೆ. ಗಿಡ ಎತ್ತರವಾಯಿತೆಂದು ತುದಿ ಕತ್ತರಿಸಬೇಡಿ, ಅಂದ ಕೆಡುತ್ತದೆ. ಪಕ್ಕದ ರೆಂಬೆ ನೆಟ್ಟರೆ ಬೇರು ಬಿಟ್ಟರೂ ಅದು ಅಡ್ಡಕ್ಕೇ ಹರಡುತ್ತದೆ, ನೆಟ್ಟಗೆ ಏಳುವುದಿಲ್ಲ. ಹೊಸ ಗಿಡ ಬೇಕಿದ್ದರೆ ಬೀಜದಿಂದ ಬೆಳೆದ ಸಸಿಯನ್ನೇ ಕೇಳಿ ತನ್ನಿ. ಜನವರಿ 6ರ ಮೂರು ರಾಯರ ಹಬ್ಬ ಕಳೆದ ಮೇಲೆ ಅಲಂಕಾರ ಬಿಚ್ಚಿ, ಕುಂಡವನ್ನು ಅರೆನೆರಳಿಗೆ ಸಾಗಿಸಿ. ನಮ್ಮ ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಕುಂಡದ ತೂತು ಮುಚ್ಚಿಲ್ಲವೆಂದು ಮೇ ತಿಂಗಳಲ್ಲೇ ನೋಡಿಕೊಳ್ಳಿ.

ನಮಸ್ಕಾರ.