ಬ್ರೂಕ್ಲಿನ್‌ನ ಒಂದು ಬೀದಿಯ ಸದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಸಿನಿಮಾದ ವಿಷಯ. ರೇಡಿಯೋದಲ್ಲಿ ಎಂಥ ಸಿನಿಮಾ ಅಂತ ನಗಬೇಡಿ. ಈ ಚಿತ್ರದಲ್ಲಿ ಒಂದು ಬೀದಿಯವರನ್ನೆಲ್ಲ ಹಿಡಿದಿಡುವುದು ಸದ್ದು, ಕೊನೆಗೆ ಜಗಳಕ್ಕೆ ಇಳಿಸುವುದೂ ಅದೇ ಸದ್ದು. ಹಾಗಾಗಿ ಇದನ್ನು ಕಿವಿಯಿಂದಲೇ ಹಿಡಿಯೋಣ.

ಚಿತ್ರದ ಹೆಸರು 'ಡು ದ ರೈಟ್ ಥಿಂಗ್'. 1989ರಲ್ಲಿ ಬಂದದ್ದು. ಬರೆದು, ನಿರ್ದೇಶಿಸಿ, ಒಂದು ಪಾತ್ರವನ್ನೂ ಮಾಡಿದವರು ಸ್ಪೈಕ್ ಲೀ. ಕಥೆ ನಡೆಯುವುದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಬೆಡ್-ಸ್ಟೈ ಅಂತ ಕರೆಯುವ, ಆಗ ಕಪ್ಪು ಜನರೇ ಹೆಚ್ಚಿದ್ದ ಬಡಾವಣೆಯಲ್ಲಿ. ಬೇಸಿಗೆಯ ಒಂದು ದಿನ, ಮಾರನೆಯ ಬೆಳಗ್ಗೆ ಸ್ವಲ್ಪ ಹೊತ್ತು, ಅಷ್ಟೇ.

ನಾಯಕ ಯಾರು? ಹೇಳುವುದು ಕಷ್ಟ. ಪಿಜ್ಜಾ ಅಂಗಡಿಯ ಸಾಲ್ ಇದ್ದಾನೆ, ಇಟಲಿ ಮೂಲದವನು, ಇಬ್ಬರು ಗಂಡುಮಕ್ಕಳು. ಅವನ ಪಿಜ್ಜಾ ಮನೆಮನೆಗೆ ಮುಟ್ಟಿಸುವ ಮೂಕಿ ಇದ್ದಾನೆ, ಅದು ಲೀ ಅವರೇ. ಎದುರಿಗೆ ಕೊರಿಯಾದ ದಂಪತಿಯ ದಿನಸಿ ಅಂಗಡಿ. ಕೆಂಪು ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕಟ್ಟೆಪುರಾಣ ಬಿಚ್ಚುವ ಮೂವರು. ಕಿಟಕಿಯಲ್ಲಿ ಕೂತು ಬೀದಿ ಕಾಯುವ ಮದರ್ ಸಿಸ್ಟರ್. ಅವಳಿಂದ ಬೈಸಿಕೊಂಡೂ ಅವಳಿಗೇ ಹೂ ತರುವ ಕುಡುಕ ಮುದುಕ, ಡಾ ಮೇಯರ್. ಈ ಇಬ್ಬರನ್ನು ಮಾಡಿದ ರೂಬಿ ಡೀ ಮತ್ತು ಓಸೀ ಡೇವಿಸ್ ನಿಜವಾಗಿಯೂ ಗಂಡ ಹೆಂಡತಿ. ಆ ಬೈಗುಳದಲ್ಲಿರುವ ಸಲಿಗೆಗೆ ಅದೂ ಒಂದು ಕಾರಣ ಇರಬೇಕು.

ಇವರೆಲ್ಲರ ಮನೆಯೊಳಗೆ ಬಾಗಿಲು ತಟ್ಟದೆ ಹೋಗುವವನು ಒಬ್ಬನೇ. ರೇಡಿಯೋದವನು! ಮಿಸ್ಟರ್ ಸೆನ್ಯೋರ್ ಲವ್ ಡ್ಯಾಡಿ. ಬೀದಿಗೆ ಮುಖ ಮಾಡಿದ ಗಾಜಿನ ಹಿಂದೆ ಕೂತು, ಬಿಸಿಲು ಎಷ್ಟು ಅಂತ ಹೇಳುತ್ತಾನೆ, ಹಾಡು ಹಾಕುತ್ತಾನೆ. ಆಗಿನ್ನೂ ಅಷ್ಟೇನೂ ಹೆಸರಾಗದಿದ್ದ ಸ್ಯಾಮ್ಯುಯೆಲ್ ಜಾಕ್ಸನ್ ಆ ಪಾತ್ರ ಮಾಡಿದ್ದಾರೆ. ಒಂದು ಕಡೆ ಐದು ಜನ ಒಬ್ಬರಾದ ಮೇಲೊಬ್ಬರು ಕ್ಯಾಮೆರಾ ನೋಡಿಕೊಂಡು ಬೇರೆ ಬೇರೆ ಜನಾಂಗದವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಸಾಕು ನಿಲ್ಲಿಸಿ, ತಣ್ಣಗಾಗಿ ಅಂತ ಗದರುವವನು ಇವನೇ. ಆದರೆ ರೇಡಿಯೋದವರ ಮಾತು ಕೇಳಿ ಯಾರು ತಣ್ಣಗಾಗುತ್ತಾರೆ? ನಮಗೂ ಗೊತ್ತು.

ಇನ್ನೊಂದು ಸದ್ದು ರೇಡಿಯೋ ರಹೀಮ್‌ನದು. ಎತ್ತರದ ಆಳು, ಮಾತು ಕಡಿಮೆ. ಕೈಯಲ್ಲಿ ದೊಡ್ಡ ಟೇಪ್ ರೆಕಾರ್ಡರ್. ನಾವು ಟೂ-ಇನ್-ಒನ್ ಅಂತಿದ್ದೆವಲ್ಲ, ಅದರ ದೊಡ್ಡಣ್ಣ. ಅದಕ್ಕೆ ಟಾರ್ಚಿಗೆ ಹಾಕುವಂಥ ದಪ್ಪ ಸೆಲ್ಲು ಬೇಕು, ಒಂದೆರಡಲ್ಲ, 20! ಅದರಲ್ಲಿ ಯಾವಾಗಲೂ ಒಂದೇ ಹಾಡು, ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡದ್ದು. ಮೆಟ್ಟಿಲ ಮೇಲೆ ಕೂತ ಪೋರ್ಟೊರಿಕೋದ ಹುಡುಗರು ತಮ್ಮ ಹಾಡು ಜೋರು ಮಾಡುತ್ತಾರೆ. ಇವನು ಒಂದು ಗೆರೆ ಏರಿಸುತ್ತಾನೆ, ಅವರೂ ಏರಿಸುತ್ತಾರೆ. ಕೊನೆಗೆ ಅವರು ಸೋತು ಆಫ್ ಮಾಡಿದಾಗ ಇವನು ನಗುತ್ತಾ ಹೋಗುತ್ತಾನೆ. ಅಲ್ಲಿಗೆ ಅದು ಆಟ.

ಸಾಲ್‌ನ ಅಂಗಡಿಯಲ್ಲಿ ಅದು ಆಟವಲ್ಲ. ಅಲ್ಲಿ ಗೋಡೆ ತುಂಬ ಇಟಲಿ ಮೂಲದ ಗಣ್ಯರ ಫೋಟೋ. ತಿನ್ನಲು ಬರುವವರೆಲ್ಲ ಕಪ್ಪು ಜನ, ನಮ್ಮವರ ಒಂದು ಫೋಟೋನೂ ಯಾಕಿಲ್ಲ ಅಂತ ಒಬ್ಬ ತಗಾದೆ ತೆಗೆಯುತ್ತಾನೆ. ಅಂಗಡಿ ನನ್ನದು, ಗೋಡೆ ನನ್ನದು ಅಂತಾನೆ ಸಾಲ್. ರಾತ್ರಿ ರಹೀಮ್ ಹಾಡು ನಿಲ್ಲಿಸಲು ಒಪ್ಪುವುದಿಲ್ಲ. ಸಾಲ್ ಬೇಸ್‌ಬಾಲ್ ಬ್ಯಾಟ್ ತೆಗೆದು ಆ ಟೇಪ್ ರೆಕಾರ್ಡರನ್ನು ಚಚ್ಚಿ ಹಾಕುತ್ತಾನೆ. ಹೊಡೆದಾಟ ಬೀದಿಗೆ ಬರುತ್ತದೆ, ಪೊಲೀಸರು ಬರುತ್ತಾರೆ, ಒಬ್ಬ ಲಾಠಿಯಿಂದ ರಹೀಮ್‌ನ ಕುತ್ತಿಗೆ ಅಮುಕಿ ಕೊಲ್ಲುತ್ತಾನೆ. ಮೂಕಿ ಕಸದ ಡಬ್ಬಿ ಎತ್ತಿ ಸಾಲ್‌ನ ಗಾಜಿಗೆ ಎಸೆಯುತ್ತಾನೆ. ಅಂಗಡಿ ಸುಟ್ಟು ಹೋಗುತ್ತದೆ.

ಇದು ಸುಮ್ನೆ ಹೆಣೆದ ಕಥೆ ಅಲ್ಲ. 1983ರಲ್ಲಿ ಮೈಕೆಲ್ ಸ್ಟೀವರ್ಟ್ ಎಂಬ ಕಪ್ಪು ಯುವಕ ನ್ಯೂಯಾರ್ಕ್ ಪೊಲೀಸರ ವಶದಲ್ಲಿದ್ದು ಸತ್ತಿದ್ದ. 1986ರಲ್ಲಿ ಹೋವರ್ಡ್ ಬೀಚ್ ಎಂಬಲ್ಲಿ ಪಿಜ್ಜಾ ಅಂಗಡಿಯಿಂದ ಹೊರಬಂದ ಕಪ್ಪು ಯುವಕರನ್ನು ಬಿಳಿಯರ ಗುಂಪು ಅಟ್ಟಿಸಿಕೊಂಡು ಹೋಯಿತು, ಆ ಯುವಕರಲ್ಲಿ ಒಬ್ಬ ಕಾರಿಗೆ ಸಿಕ್ಕಿ ಸತ್ತ. ಇಡೀ ಚಿತ್ರ ತೆಗೆದದ್ದು 1988ರ ಬೇಸಿಗೆಯಲ್ಲಿ, ಸ್ಟೈವೆಸೆಂಟ್ ಅವೆನ್ಯೂದ ಒಂದೇ ತುಂಡಿನಲ್ಲಿ. ಪಿಜ್ಜಾ ಅಂಗಡಿಯನ್ನು ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಧಗೆ ಕಾಣಲಿ ಅಂತ ಗೋಡೆಗೆ ಕೆಂಪು ಬಳಿದರು.

ನನ್ನ ಒಂದು ದೂರು ಇದೆ. ಮೂಕಿಯ ಗೆಳತಿ ಟೀನಾಗೆ ಕೂಗಾಡುವುದು ಬಿಟ್ಟರೆ ಜಾಸ್ತಿ ಕೆಲಸವಿಲ್ಲ. ಬೀದಿಯ ಹುಡುಗಿಯರ ದಿನ ಹೇಗೆ ಹೋಗುತ್ತೆ ಅಂತ ಈ ಚಿತ್ರ ಅಷ್ಟಾಗಿ ನೋಡಲಿಲ್ಲ.

ಆದರೆ ಮಾರನೆಯ ಬೆಳಗಿನ ದೃಶ್ಯಕ್ಕೆ ಎಲ್ಲ ಮಾಫಿ. ಸುಟ್ಟ ಅಂಗಡಿ ಮುಂದೆ ಸಾಲ್ ಕೂತಿದ್ದಾನೆ. ಮೂಕಿ ಬಂದು ವಾರದ ಸಂಬಳ ಕೇಳುತ್ತಾನೆ, 250 ಡಾಲರ್. ಸಾಲ್ ಸಿಟ್ಟಿನಲ್ಲಿ 100ರ ಐದು ನೋಟು ಮುದುಡಿ ಅವನ ಮೇಲೆಸೆಯುತ್ತಾನೆ. ಮೂಕಿ ಎರಡು ವಾಪಸ್ ಎಸೆಯುತ್ತಾನೆ. ಉಳಿದದ್ದು 300. ಹಾಗಾದರೆ ನಿನಗೆ ನಾನು 50 ಬಾಕಿ ಅಂತಾನೆ. ಆಸ್ತಿ ಹೋದವನಿಗೂ ಗೆಳೆಯ ಹೋದವನಿಗೂ ಆ ಹೊತ್ತಿಗೆ ಆಡಲು ಸಿಕ್ಕಿದ್ದು ಈ ಲೆಕ್ಕ ಒಂದೇ.

ನಮಸ್ಕಾರ.