ಅಪ್ಪನ ಜೊತೆ ಗಾಳ ಹಾಕುವಾಗ ಮಾತಾಡಿ

ನಮಸ್ಕಾರ. ಅಪ್ಪನ ಜೊತೆ ಕೆರೆಗೆ ಹೋಗಿ ಗಾಳ ಹಾಕಿದ ವಿಡಿಯೋ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಪ್ಪ ಮಗ ಇಷ್ಟು ಹರಟಿದರೆ ಮೀನು ಎಲ್ಲಿಂದ ಬರುತ್ತೆ? ಬಾಯಿ ಮುಚ್ಕೊಂಡು ಕೂತ್ಕೊಳ್ಳಿ." ಓದಿ ಸಿಟ್ಟು ಬಂತು. ಇದೇ ಮಾತು ಹೇಳಿ ಎಷ್ಟು ಮಕ್ಕಳನ್ನು ದಡದ ಮೇಲೆ ಗದರಿಸಿ ಕೂರಿಸುತ್ತಾರೆ!

ಮಾತಿಗೆ ಮೀನು ಓಡುವುದಿಲ್ಲ. ನಾವು ಆಡಿದ ಮಾತು ನೀರಿಗೆ ಬಡಿದು ಹೆಚ್ಚುಕಮ್ಮಿ ಪೂರ್ತಿ ಮೇಲಕ್ಕೇ ವಾಪಸ್ ಹೋಗುತ್ತದೆ. ಒಳಗೆ ಇಳಿಯುವುದು ಸಾವಿರದಲ್ಲಿ ಒಂದು ಪಾಲು. ಮೀನಿಗೆ ಕಿವಿ ಇಲ್ವಾ ಅಂತ ಕೇಳಬೇಡಿ. ಇದೆ, ತಲೆಯ ಒಳಗಿದೆ. ಗೆಂಡೆ ಜಾತಿಯ ಮೀನುಗಳಿಗಂತೂ ಚೆನ್ನಾಗಿ ಕೇಳುತ್ತದೆ. ಆದರೆ ಸದ್ದು ನೀರಿನೊಳಗೆ ಹೋದರೆ ತಾನೇ ಕೇಳುವುದು?

ಹೋಗುವುದು ನಿಮ್ಮ ಹೆಜ್ಜೆ. ದಡದಲ್ಲಿ ದಪದಪ ನಡೆದರೆ ಆ ಅದುರು ನೆಲದಿಂದ ನೇರ ನೀರಿಗೆ ಸಾಗುತ್ತದೆ. ದೋಣಿಯಲ್ಲಿ ಡಬ್ಬಿ ಬೀಳಿಸಿದರೂ ಅಷ್ಟೇ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಜಾಸ್ತಿ. ಜೊತೆಗೆ ಮೀನಿನ ಎರಡೂ ಪಕ್ಕದಲ್ಲಿ ಉದ್ದಕ್ಕೂ ಒಂದು ಗೆರೆ ಇರುತ್ತದೆ. ಹತ್ತಿರದಲ್ಲಿ ನೀರು ಸ್ವಲ್ಪ ಅಲುಗಿದರೂ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ಮಗುವಿಗೆ "ಮೆಲ್ಲಗೆ ನಡಿ" ಅನ್ನಿ. "ಮಾತಾಡಬೇಡ" ಅನ್ನಬೇಡಿ!

ತೊರೆಯಲ್ಲಿ ಮೀನನ್ನು ಓಡಿಸುವುದು ನಿಮ್ಮ ನೆರಳು. ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಂತಿರುತ್ತದೆ, ಯಾಕೆಂದರೆ ತಿನ್ನುವುದು ತೇಲಿ ಬರುವುದು ಆ ಕಡೆಯಿಂದ. ಅಪ್ಪ ಯಾವಾಗಲೂ ಹರಿವಿನ ಕೆಳಗಿನ ಕಡೆಯಿಂದ, ಅದರ ಬೆನ್ನ ಹಿಂದಿನಿಂದ, ಬಗ್ಗಿ ಹೋಗುತ್ತಾರೆ. ಹೋಗುವಾಗಲೂ ಮಾತಾಡುತ್ತಲೇ ಇರುತ್ತಾರೆ! ತಮ್ಮ ಸ್ಕೂಲಿನ ಕತೆ, ಮೊದಲ ಕೆಲಸದ ಕತೆ, ಮನೆಯಲ್ಲಿ ಯಾವತ್ತೂ ಬಾಯಿ ಬಿಡದ ಎಷ್ಟೋ ವಿಷಯ. ನೀರಲ್ಲಿ ತೇಲುವ ಗಾಳದ ಬೆಂಡಿನ ಮೇಲೆ ಕಣ್ಣಿದ್ದಾಗ ಮುಖ ನೋಡಿ ಮಾತಾಡುವ ಕಷ್ಟ ಇರುವುದಿಲ್ಲ, ಅಲ್ವಾ? ಅದಕ್ಕೇ ಅಲ್ಲಿ ಮಾತು ಬರುತ್ತದೆ. ಅದನ್ನು ನಿಲ್ಲಿಸು ಅಂತೀರಾ?

"ನಮ್ಮ ತಾತನ ಕಾಲದಿಂದ ಹೀಗೇ" ಅಂತ ಇನ್ನೊಬ್ಬರು ಬರೆದಿದ್ದಾರೆ. ಇರಲಿ ಬಿಡಿ. ತಾತ ಸುಮ್ನೆ ಕೂತಿದ್ದರು, ಅಲುಗಾಡಲಿಲ್ಲ, ಮೀನು ಬಂತು. ಅದರಲ್ಲಿ ಬಾಯಿಯ ಪಾತ್ರ ಏನು?

ಮಾತಾಡಿ ಸ್ವಾಮಿ! ಮೀನು ಸಿಗಲಿ, ಬಿಡಲಿ, ಮಾತಾಡಿ. ಅಮ್ಮನ ಜೊತೆ ಹೋದರೆ ಅಮ್ಮನನ್ನು ಮಾತಾಡಿಸಿ. ಈ ವಿಡಿಯೋನ ನಿಮ್ಮ ಅಪ್ಪನಿಗೆ ಕಳಿಸಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಅಪ್ಪನನ್ನೇ ಮೈಕ್ ಮುಂದೆ ಕೂರಿಸುತ್ತೇನೆ. ಬಾಯಿ ಮುಚ್ಚಿ ಅಂದವರು ತಪ್ಪದೇ ಬನ್ನಿ.