ಚಾಟನೂಗಾದಲ್ಲಿ ಒಂದು ದಿನ

ಕೇಳುಗರಿಗೆ ನಮಸ್ಕಾರ. ಅಟ್ಲಾಂಟಾದ ಮಕ್ಕಳ ಮನೆಗೆ ಹೋಗಿರುವ ಅಪ್ಪ-ಅಮ್ಮಂದಿರನ್ನು ಒಂದು ದಿನ ಸುತ್ತಾಡಿಸಿಕೊಂಡು ಬರಲು ಟೆನೆಸ್ಸೀ ರಾಜ್ಯದ ಚಾಟನೂಗಾ ಹೇಳಿಮಾಡಿಸಿದ ಊರು. ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ನ್ಯಾಶ್‌ವಿಲ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಆ ಕಡೆಯಿಂದ ಬರುವವರು ಗಡಿಯಾರದ ಮೇಲೆ ಕಣ್ಣಿಡಬೇಕು. ಚಾಟನೂಗಾ ಒಂದು ಗಂಟೆ ಮುಂದಿದೆ. ಎಂಟಕ್ಕೆ ಹೊರಟು ಹತ್ತೂಕಾಲಿಗೆ ಬಂದೆವು ಅಂದುಕೊಂಡರೆ ಇಲ್ಲಿ ಹನ್ನೊಂದೂಕಾಲು. ಹನ್ನೊಂದಕ್ಕೆ ಕಾದಿರಿಸಿದ ಟಿಕೆಟ್ ಕೈತಪ್ಪಿತೆಂದೇ ಲೆಕ್ಕ.

ಬೆಳಿಗ್ಗೆ ಜನ ಸೇರುವ ಮೊದಲೇ ರೂಬಿ ಫಾಲ್ಸ್ ನೋಡಿಬಿಡಿ. ಲುಕ್‌ಔಟ್ ಬೆಟ್ಟದ ಹೊಟ್ಟೆಯೊಳಗೆ 145 ಅಡಿ ಎತ್ತರದಿಂದ ಬೀಳುವ ನೀರು ಅದು. 1928ರಲ್ಲಿ ಲಿಯೋ ಲ್ಯಾಂಬರ್ಟ್ ಎಂಬುವರು ಕೆಳಗಿದ್ದ ಇನ್ನೊಂದು ಗುಹೆಗೆ ಲಿಫ್ಟ್ ಇಳಿಸಲು ಬಂಡೆ ಕೊರೆಸುತ್ತಿದ್ದರು. 260 ಅಡಿ ಆಳದಲ್ಲಿ ಒಂದು ಸಂದು ಸಿಕ್ಕಿತು. ಎತ್ತರ ಒಂದೂವರೆ ಅಡಿ ಮಾತ್ರ. ಅದರಲ್ಲಿ ತೆವಳಿಕೊಂಡು ಹೋದವರಿಗೆ ಜಲಪಾತ ಕಂಡಿತು. ರೂಬಿ ಎಂಬುದು ಲ್ಯಾಂಬರ್ಟರ ಹೆಂಡತಿಯ ಹೆಸರು. ಈಗ ಲಿಫ್ಟಿನಲ್ಲಿ ಇಳಿದು ನಡೆದೇ ಹೋಗಬಹುದು, ಹೋಗಿಬರಲು ಸುಮಾರು ಒಂದು ಮೈಲಿ. ದಾರಿ ಇಕ್ಕಟ್ಟು, ನೆಲ ಒದ್ದೆ. ಚಪ್ಪಲಿ ಜಾರುತ್ತದೆ, ಹಿಡಿತವಿರುವ ಶೂ ಬೇಕು. ಒಳಗೆ ವರ್ಷವಿಡೀ 15-16 ಡಿಗ್ರಿ ಇರುವುದರಿಂದ ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಮಗುವಿನ ತಳ್ಳುಗಾಡಿಯನ್ನು ಒಳಗೆ ಬಿಡುವುದಿಲ್ಲ. ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರು ಅದೇ ಬೆಟ್ಟ ಹತ್ತುವ ರೈಲಿಗೆ ಹೋಗುವುದೇ ಮೇಲು.

ಆ ರೈಲು 1895ರಿಂದ ಓಡುತ್ತಿದೆ. ಹತ್ತಬೇಕಾದದ್ದು ಬೆಟ್ಟದ ಬುಡದ ಸೇಂಟ್ ಎಲ್ಮೋ ಬಡಾವಣೆಯಲ್ಲಿರುವ ಕೆಳಗಿನ ನಿಲ್ದಾಣದಲ್ಲಿ. ಬಾವಿಯ ಎರಡು ಕೊಡಗಳ ಹಾಗೆ, ಒಂದು ಗಾಡಿ ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತದೆ. ನಡುದಾರಿಯಲ್ಲಿ ಹಳಿ ಎರಡಾಗುವಲ್ಲಿ ಪರಸ್ಪರ ದಾಟಿಕೊಳ್ಳುತ್ತವೆ. ಇಳಿಯುವ ಗಾಡಿಯ ಭಾರವೇ ಏರುವ ಗಾಡಿಯನ್ನು ತೂಗುವುದರಿಂದ ಮೇಲಿನ ಮೋಟಾರಿಗೆ ಹೊರೆ ಕಡಿಮೆ. ತುದಿಯ ಹತ್ತಿರದ ಏರಂತೂ 100 ಅಡಿ ಮುಂದೆ ಸಾಗಿದರೆ ಸುಮಾರು 73 ಅಡಿ ಮೇಲಕ್ಕೆ! ಮೇಲೆ ಇಳಿದು ಸ್ವಲ್ಪ ನಡೆದರೆ ಪಾಯಿಂಟ್ ಪಾರ್ಕ್. 1863ರ ನವೆಂಬರಿನಲ್ಲಿ ಅಂತರ್ಯುದ್ಧದ ಕಾಳಗ ನಡೆದ ಬೆಟ್ಟ ಇದು. ಕೆಳಗೆ ಟೆನೆಸ್ಸೀ ನದಿ ಬಳುಕುವುದನ್ನು ನೋಡಲು ಇಲ್ಲಿಗಿಂತ ಒಳ್ಳೆಯ ಜಾಗವಿಲ್ಲ.

ಅದೇ ಬೆಟ್ಟದ ಮೇಲಿರುವ ರಾಕ್ ಸಿಟಿ ಎಂಬ ಉದ್ಯಾನದ ಬಂಡೆಗಳ ಸಂದುಗಳನ್ನೂ ಅದೇ ದಿನಕ್ಕೆ ತುರುಕಬೇಡಿ. ಅಲ್ಲಿ ಮೆಟ್ಟಿಲು ಬಹಳ, ಮಂಡಿನೋವಿನವರಿಗೆ ಆಗದು.

ಮಧ್ಯಾಹ್ನ ಹೊಳೆಯ ದಂಡೆಗೆ ಇಳಿಯಿರಿ. ಮಕ್ಕಳಿದ್ದರೆ ಮತ್ಸ್ಯಾಲಯಕ್ಕೆ ಎರಡು ಮೂರು ಗಂಟೆ ಬೇಕೇಬೇಕು. ಅದರ ಪಕ್ಕದಲ್ಲೇ ನದಿಗೆ ಇಳಿಯುವ ಮೆಟ್ಟಿಲುಗಳ ಮೇಲೆ ನೀರು ಹರಿಯುತ್ತಿರುತ್ತದೆ, ಗೋಡೆಯಲ್ಲಿ ಚೆರೋಕೀ ಎಂಬ ಮೂಲನಿವಾಸಿಗಳ ಕಥೆ ಹೇಳುವ ಏಳು ದೊಡ್ಡ ಪಿಂಗಾಣಿ ಬಿಲ್ಲೆಗಳಿವೆ. 1838ರಲ್ಲಿ ಚೆರೋಕೀ ಜನರನ್ನು ಅವರ ನೆಲದಿಂದ ಬಲವಂತವಾಗಿ ಹೊರಡಿಸಿದ ದಂಡೆ ಇದು. ಮಕ್ಕಳು ಆ ನೀರಲ್ಲಿ ಆಡುತ್ತಾರೆ, ಆಡಲಿ. ಬಿಲ್ಲೆಗಳ ಕಥೆಯನ್ನೂ ಅವರಿಗೆ ಹೇಳಿ.

ಸಂಜೆಗೆ ವಾಲ್ನಟ್ ಸ್ಟ್ರೀಟ್ ಸೇತುವೆ. 1891ರದ್ದು, 1993ರಿಂದ ನಡೆಯುವವರಿಗೇ ಮೀಸಲು. ದುರಸ್ತಿಗೆ ಮುಚ್ಚಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮುಚ್ಚಿದ್ದರೂ ದಕ್ಷಿಣ ತುದಿಗೆ ಹೋಗಿ ಎಡ್ ಜಾನ್ಸನ್ ಸ್ಮಾರಕದ ಮುಂದೆ ನಿಲ್ಲಿ. 1906ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ಮರಣದಂಡನೆಗೆ ತಡೆ ಕೊಟ್ಟಿದ್ದರೂ, ಜನರ ಗುಂಪೊಂದು ಈ ಕಪ್ಪು ವರ್ಣದ ಯುವಕನನ್ನು ಜೈಲಿನಿಂದ ಎಳೆತಂದು ಇದೇ ಸೇತುವೆಗೆ ನೇಣು ಹಾಕಿತು. ಸ್ಮಾರಕ ಎದ್ದದ್ದು 2021ರಲ್ಲಿ.